ಸರ್ವರ್‌ಗೂ ಟೀ ಟೈಮ್

ನಮ್ಮ ಪತ್ತಿನ ಸಂಘದ ಕೌಂಟರ್ ಮೇಲೆ ಒಂದು ರಟ್ಟಿನ ಬೋರ್ಡ್ ಇದೆ. ‘ಸರ್ವರ್ ಇಲ್ಲ’ ಅಂತ ಮಾರ್ಕರ್ ಪೆನ್ನಲ್ಲಿ ಬರೆದದ್ದು. ಮೊದಮೊದಲು ಸರ್ವರ್ ಹೋದಾಗ ಮಾತ್ರ ಇಡುತ್ತಿದ್ದೆವು. ದಿನಾ ಇಡೋದು ತೆಗೆಯೋದು ಯಾಕೆ ಅಂತ ಆಮೇಲೆ ದಾರ ಕಟ್ಟಿ ಅಲ್ಲೇ ನೇತುಹಾಕಿದೆವು. ಸರ್ವರ್ ಬಂದರೆ ತಿರುಗಿಸಿದರೆ ಸಾಕು. ಹಿಂದುಗಡೆ ‘ಸಹಕಾರ ಸಪ್ತಾಹದ ಶುಭಾಶಯಗಳು’ ಅಂತಿದೆ.

ಆರು ತಿಂಗಳಲ್ಲಿ ಒಬ್ಬ ಅಜ್ಜ ಬೇಬಾಕಿ ಪತ್ರಕ್ಕೆ ನಾಲ್ಕು ಸಲ ಬಂದು ಹೋದರು. ಸಾಲ ತೀರಿದೆ, ಲೆಡ್ಜರ್‌ನಲ್ಲಿ ಜಮಾ ಆಗಿದೆ, ರಶೀದಿ ಅವರ ಜೇಬಲ್ಲೇ ಇದೆ. ಆದರೆ ಪತ್ರದ ನಮೂನೆ ಜೆಡ್ ಡ್ರೈವ್‌ನಲ್ಲಿದೆ, ಅಂದರೆ ಸರ್ವರ್‌ನಲ್ಲಿ ನಾವೆಲ್ಲ ಹಂಚಿಕೊಳ್ಳುವ ಫೈಲುಗಳಿರುವ ಜಾಗದಲ್ಲಿ. ಜೆಡ್ ಮೇಲೆ ಕೆಂಪು ಇಂಟು ಗುರುತು ಬಿದ್ದಿದೆ.

“ಸರ್ವರ್ ಇಲ್ಲ ಅಜ್ಜಾ, ಮಧ್ಯಾಹ್ನ ಬನ್ನಿ” ಅಂದೆ ನಾನು.

“ಹೋಟ್ಲಲ್ಲಿ ಸರ್ವರ್ ಇಲ್ಲ ಅಂದ್ರೆ ಮಾಲೀಕ್ರೇ ಇಡ್ಲಿ ತಂದಿಡ್ತಾರಲ್ಲ ತಮ್ಮಾ. ನೀನೇ ಒಂದ್ ಹಾಳೇಲಿ ಬರ್ಕೊಡು.”

ಕೈಯಲ್ಲಿ ಬರೆದದ್ದು ನಡೆಯಲ್ಲ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನಾಲ್ಕು ಬೇಬಾಕಿ ಪತ್ರ ಬರೆಯಬಹುದಿತ್ತು.

ನಮ್ಮದೇನು ದೊಡ್ಡ ನೆಟ್‌ವರ್ಕ್ ಅಲ್ಲ. ಏಳು ಕಂಪ್ಯೂಟರು, ಒಂದು ಪ್ರಿಂಟರು. ಗೋಡೆ ಮೇಲೆ ಹಸಿರು ದೀಪ ಮಿಣುಕಿಸುವ ಒಂದು ಪುಟ್ಟ ಪೆಟ್ಟಿಗೆ. ಸಂಘದಲ್ಲಿ ಎಲ್ಲರೂ ಆ ಪೆಟ್ಟಿಗೆಯನ್ನೇ ಸರ್ವರ್ ಅಂತ ನಂಬಿದ್ದೆವು. ದೀಪ ಮಿಣುಕುತ್ತೆ, ಎತ್ತರದಲ್ಲಿದೆ, ಯಾರಿಗೂ ಅರ್ಥ ಆಗಲ್ಲ. ಕೈಮುಗಿಯೋಕೆ ಇನ್ನೇನು ಬೇಕು? ಆಯುಧಪೂಜೆಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕೆಳಗೆ ಬೂದುಗುಂಬಳ ಒಡೆದೆವು. ಮರುದಿನ ಹನ್ನೊಂದು ಗಂಟೆಗೆ ಜೆಡ್ ಹೋಯಿತು. ಕುಂಬಳಕಾಯಿ ಚಿಕ್ಕದಾಯ್ತು ಅಂದರು ಕ್ಯಾಷಿಯರ್.

ದೂರು ಬರೆಯೋಕೆ ಒಂದು ರಿಜಿಸ್ಟರ್ ಇದೆ. ಅದು ಎಕ್ಸೆಲ್ ಫೈಲು. ಅದು ಇರೋದೂ ಜೆಡ್‌ನಲ್ಲೇ. ಸರ್ವರ್ ಹೋದಾಗ ದೂರು ಬರೆಯೋಕೆ ಆಗಲ್ಲ. ಬಂದ ಮೇಲೆ ದೂರೇ ಇರಲ್ಲ. ಹಾಗಾಗಿ ಆಡಳಿತ ಮಂಡಳಿ ಸಭೆಯಲ್ಲಿ ಸೆಕ್ರೆಟರಿ ಸಾಹೇಬರು ಪ್ರತಿ ಸಲ ಓದುವುದು ಒಂದೇ ಸಾಲು: ‘ಗಣಕಯಂತ್ರ ವಿಭಾಗ, ದೂರುಗಳು ಸೊನ್ನೆ’. ಒಮ್ಮೆ ಚಪ್ಪಾಳೆ ಕೂಡ ಬಿತ್ತು.

ಅಷ್ಟರಲ್ಲಿ ಎಲ್ಲರೂ ವೈದ್ಯರಾದರು. ಒಬ್ಬರು ಯೂಟ್ಯೂಬ್ ನೋಡಿ ಬಂದು, ಎಸ್‌ಎಂಬಿ 1 ಅನ್ನೋದನ್ನ ಆನ್ ಮಾಡಿದರೆ ಸರಿಹೋಗುತ್ತೆ ಅಂತ ಆನ್ ಮಾಡಿದರು. ಅದು ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಹಳೇ ಭಾಷೆ. 2017ರಲ್ಲಿ ವಾನಾಕ್ರೈ ಅನ್ನೋ ವೈರಸ್ ಊರೂರು ಸುತ್ತಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಅದು ನುಗ್ಗಿದ್ದು ಇದೇ ಬಾಗಿಲಿಂದ. ಆ ವರ್ಷವೇ ಮೈಕ್ರೋಸಾಫ್ಟ್‌ನವರು ಹೊಸ ವಿಂಡೋಸ್‌ನಲ್ಲಿ ಅದನ್ನು ಮುಚ್ಚಿಟ್ಟು ಕಳಿಸೋಕೆ ಶುರುಮಾಡಿದರು. ನಾವು ಶ್ರದ್ಧೆಯಿಂದ ತೆರೆದಿಟ್ಟೆವು. ಜೆಡ್ ಮಾತ್ರ ಹನ್ನೊಂದಕ್ಕೆ ಸರಿಯಾಗಿ ಹೋಯಿತು.

ಆಮೇಲೆ ಕಂಪ್ಯೂಟರ್ ಮಾರುವವರು ಬಂದರು. ಬ್ಯಾಗಿನಿಂದ ಮೊದಲು ಕೊಟೇಶನ್ ತೆಗೆದರು, ಆಮೇಲೆ ಕಾಯಿಲೆ ಏನು ಅಂತ ಕೇಳಿದರು. “ಲೋಡ್ ಜಾಸ್ತಿ ಆಗಿದೆ ಸಾರ್.” ಮಾಮೂಲಿ ವಿಂಡೋಸ್ ಕಂಪ್ಯೂಟರಿಗೂ ಒಂದೇ ಹೊತ್ತಿಗೆ 20 ಕಂಪ್ಯೂಟರ್ ಕನೆಕ್ಟ್ ಆಗಬಹುದು. ನಾವಿರೋದು ಏಳು. ಅದನ್ನು ಹೇಳಿದರೆ ಅವರು ವಿಂಡೋಸ್ 10ಕ್ಕೆ ಹಾರಿದರು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗೀತು, ಎಲ್ಲ ಬದಲಿಸಿ ಅಂದರು. ಇದು ನಿಜ. ಬದಲಿಸಬೇಕಾದ್ದೂ ನಿಜ. ಆದರೆ ಬೆಂಬಲ ಮುಗಿದ ಕಂಪ್ಯೂಟರ್ ಹನ್ನೊಂದಕ್ಕೆ ಹೋಗಿ ಹನ್ನೊಂದೂವರೆಗೆ ವಾಪಸ್ ಬರಲ್ಲ ಅಲ್ವಾ?

ಈ ಸಮಯದ ವಿಷಯ ಯಾರೂ ಗಮನಿಸಲಿಲ್ಲ ಅಂತಲ್ಲ. ಗಮನಿಸಿದ್ದು ಬೇರೆ ಥರ. ಸರ್ವರ್ ಹೋದಾಗ ನಮ್ಮ ಹಿರಿಯ ಗುಮಾಸ್ತರು ಬಂದು ಕೂತರೆ ಸಾಕು, ಸರ್ವರ್ ಬರುತ್ತಿತ್ತು. ಅವರದು ಕೈಗುಣ ಅಂತ ಊರೆಲ್ಲ ಮಾತಾಯಿತು. ಮೂವತ್ತು ವರ್ಷದ ಸರ್ವೀಸು, ಮಿತಭಾಷಿ, ಶನಿವಾರ ಒಪ್ಪೊತ್ತು. ಅವರು ಕುರ್ಚಿಯಲ್ಲಿ ಕೂತು ಮೌಸ್ ಮೇಲೆ ಕೈ ಇಟ್ಟರೆ ಒಂದೆರಡು ನಿಮಿಷದಲ್ಲಿ ಆರು ಟೇಬಲ್‌ಗಳಿಂದ “ಬಂತು, ಬಂತು” ಅನ್ನೋ ಕೂಗು. ಪಕ್ಕದ ಆಫೀಸಿನವರು ನೆಟ್ ಸ್ಲೋ ಆದಾಗ ಅವರನ್ನು ಕರೆದುಕೊಂಡು ಹೋಗಿ ಕೂರಿಸಿದ್ದೂ ಉಂಟು.

ಕೊನೆಗೆ ಬಂದವನು ಒಬ್ಬ ಕೇಬಲ್ ಹುಡುಗ. ಕುಂಕುಮ ಹಚ್ಚಿದ ಪೆಟ್ಟಿಗೆ ನೋಡಿ, “ಇದು ಸ್ವಿಚ್ಚು ಸಾರ್. ವೈರುಗಳು ಸೇರೋ ಜಾಗ ಅಷ್ಟೇ. ಇದರಲ್ಲಿ ಫೈಲ್ ಇರಲ್ಲ” ಅಂದ. ಹಾಗಾದರೆ ಫೈಲ್ ಎಲ್ಲಿದೆ? ಯಾರಿಗೂ ಗೊತ್ತಿಲ್ಲ. ಸೆಟಪ್ ಮಾಡಿದವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು. ಬೆಂಗಳೂರಲ್ಲಿರಬಹುದು ಅಂದರು ಸೆಕ್ರೆಟರಿ ಸಾಹೇಬರು.

ಅವನು ಜೆಡ್‌ನ ವಿಳಾಸ ಹುಡುಕಿ ನನ್ನ ಕಂಪ್ಯೂಟರಲ್ಲಿ ಪಿಂಗ್ ಹಾಕಿದ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದ. ಕಪ್ಪು ಪರದೆ ಮೇಲೆ ‘ಹೋಸ್ಟ್ ಅನ್‌ರೀಚಬಲ್’ ಅಂತ ಸಾಲು ಮೇಲೆ ಸಾಲು ಇಳಿಯುತ್ತಿತ್ತು. ಮನೇಲಿ ಯಾರೂ ಇಲ್ಲ, ಬಾಗಿಲು ಬಡೀತಾ ಇದೀನಿ ಅಂತ ಅರ್ಥವಂತೆ. ಗಂಟೆ ಹನ್ನೊಂದು ಇಪ್ಪತ್ತೈದು. ಹಿಂಬಾಗಿಲು ತೆರೆಯಿತು. ಹಿರಿಯ ಗುಮಾಸ್ತರು ಟೀ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬಂದರು. ಕೂತರು. ಪಂಚೆ ಸರಿಮಾಡಿಕೊಂಡರು. ಮೌಸ್ ಅಲ್ಲಾಡಿಸಿದರು. ನನ್ನ ಪರದೆಯಲ್ಲಿ ‘ರಿಪ್ಲೈ, ರಿಪ್ಲೈ, ರಿಪ್ಲೈ’.

ಹುಡುಗ ಎದ್ದು ಹೋಗಿ ಅವರ ಟೇಬಲ್ ಕೆಳಗೆ ಬಗ್ಗಿದ. ಹಳೇ ಕ್ಯಾಲೆಂಡರ್ ಕಟ್ಟುಗಳ ಹಿಂದೆ, ಅವರ ಕಂಪ್ಯೂಟರಿನ ಕ್ಯಾಬಿನೆಟ್ ಮೇಲೆ ಸ್ಕೆಚ್ ಪೆನ್ನಲ್ಲಿ ಯಾರೋ ಬರೆದಿದ್ದರು: ‘ಸರ್ವರ್’.

“ಸಾರ್, ಟೀಗೆ ಹೋಗುವಾಗ ಏನಾದ್ರೂ ಒತ್ತುತ್ತೀರಾ?”

ಅವರು ಕೀಬೋರ್ಡಿನ ಮೂಲೆ ತೋರಿಸಿದರು. ಅರ್ಧಚಂದ್ರನ ಗುರುತಿರುವ ಗುಂಡಿ. ಅದನ್ನು ಒತ್ತಿದರೆ ಕಂಪ್ಯೂಟರ್ ಮಲಗುತ್ತೆ. ಎಬ್ಬಿಸುವ ತನಕ ಯಾರು ಬಾಗಿಲು ಬಡಿದರೂ ಏಳಲ್ಲ. ಯಾಕೆ ಸಾರ್ ಒತ್ತುತ್ತೀರಿ ಅಂತ ಕೇಳಿದ್ದಕ್ಕೆ ಅವರು ಡ್ರಾಯರ್ ಎಳೆದು ಒಂದು ಹಾಳೆ ಕೊಟ್ಟರು. ಆಡಳಿತ ಮಂಡಳಿಯ ಠರಾವು. ‘ವಿದ್ಯುತ್ ಉಳಿತಾಯದ ಸಲುವಾಗಿ ಸಿಬ್ಬಂದಿಯು ಕುರ್ಚಿ ಬಿಟ್ಟು ಏಳುವಾಗ ತಮ್ಮ ಫ್ಯಾನು, ದೀಪ ಹಾಗೂ ಗಣಕಯಂತ್ರವನ್ನು ಕಡ್ಡಾಯವಾಗಿ ಬಂದ್ ಮಾಡತಕ್ಕದ್ದು.’ ಕೆಳಗೆ ನಮ್ಮೆಲ್ಲರ ಸಹಿ ಇತ್ತು. ನನ್ನದೂ. ಇಡೀ ಸಂಘದಲ್ಲಿ ಠರಾವು ಪಾಲಿಸಿದ್ದು ಅವರೊಬ್ಬರೇ.

ಹೋಗುವ ಮುಂಚೆ ಹುಡುಗ ಎಸ್‌ಎಂಬಿ 1 ಮುಚ್ಚಿದ. ರೂಟರ್‌ನಲ್ಲಿ ಆ ಕಂಪ್ಯೂಟರಿಗೆ ಒಂದೇ ಅಡ್ರೆಸ್ ಕಾಯಂ ಮಾಡಿದ. ಇಲ್ಲಾಂದ್ರೆ ಕರೆಂಟ್ ಹೋಗಿ ಬಂದಾಗ ಅಡ್ರೆಸ್ ಬದಲಾಗಿ, ಮನೆ ಖಾಲಿ ಮಾಡಿದ ಬಾಡಿಗೆದಾರನ ಬಾಗಿಲಲ್ಲಿ ನಿಂತು ಕೂಗಿದ ಹಾಗಾಗುತ್ತೆ ಅಂದ. ಇನ್ನೊಂದು ಮಾತನ್ನೂ ಹೇಳಿದ. ಅದು ನಮಗೆ ಅಷ್ಟು ಹಿಡಿಸಲಿಲ್ಲ. ಹದಿನೈದು ನಿಮಿಷ ಜೆಡ್ ಮುಟ್ಟದಿದ್ದರೆ ವಿಂಡೋಸ್ ತಾನೇ ಕನೆಕ್ಷನ್ ಬಿಡುತ್ತಂತೆ. ಕೆಂಪು ಗುರುತು ಕಾಣುತ್ತೆ, ಆದರೆ ಏನೂ ಕೆಟ್ಟಿರಲ್ಲ. ಎರಡು ಸಲ ಕ್ಲಿಕ್ ಮಾಡಿದರೆ ತೆರೆಯುತ್ತೆ. ಅಂದರೆ ಮಧ್ಯಾಹ್ನ ಮೂರು ಗಂಟೆಗೆ ನಾವು ಕೆಂಪು ನೋಡಿ ಬೋರ್ಡ್ ತಿರುಗಿಸಿದಾಗೆಲ್ಲ ಸರ್ವರ್ ಇತ್ತು. ಕ್ಲಿಕ್ ಮಾಡುವವರು ಇರಲಿಲ್ಲ.

ಇನ್ನು ಪರಿಹಾರ. ಠರಾವು ರದ್ದು ಮಾಡಿ ಅಂತ ನಾನು ಹೇಳಿದೆ. ರದ್ದು ಮಾಡಿದರೆ ಮಾಡಿದ್ದೇ ತಪ್ಪು ಅಂತ ನಡಾವಳಿ ಪುಸ್ತಕದಲ್ಲಿ ಉಳಿಯುತ್ತಲ್ಲ ಅಂದರು ಸೆಕ್ರೆಟರಿ ಸಾಹೇಬರು. ಠರಾವನ್ನೇ ನಾಲ್ಕು ಸಲ ಓದಿದರು. ‘ಕುರ್ಚಿ ಬಿಟ್ಟು ಏಳುವಾಗ’ ಅನ್ನೋ ಕಡೆ ಬೆರಳು ನಿಂತಿತು. ಕುರ್ಚಿ ಖಾಲಿ ಆದರೆ ತಾನೇ ಬಂದ್ ಮಾಡೋದು? ಆಗದಂತೆ ನೋಡಿಕೊಂಡರಾಯಿತು. ಈಗ ಹಿರಿಯ ಗುಮಾಸ್ತರು ಏಳುವ ಮುಂಚೆ ಅಟೆಂಡರ್ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಅವರು ಅರ್ಧ ಎದ್ದಾಗ ಇವನು ಅರ್ಧ ಕೂರುತ್ತಾನೆ. ಕುರ್ಚಿ ಒಂದು ಕ್ಷಣವೂ ಖಾಲಿ ಇರಲ್ಲ.

ಆಮೇಲೆ ಜೆಡ್ ಒಮ್ಮೆಯೂ ಹೋಗಿಲ್ಲ. ಆದರೆ ನಮಗೆಲ್ಲ ಟೇಬಲ್‌ಗೆ ಟೀ ತಂದುಕೊಡುತ್ತಿದ್ದವನು ಅದೇ ಅಟೆಂಡರ್. ಅವನು ಕುರ್ಚಿ ಕಾಯುತ್ತಿರೋದರಿಂದ ಹನ್ನೊಂದಕ್ಕೆ ನಾವೇ ಹೋಟೆಲಿಗೆ ಹೋಗಬೇಕು.

ಕಳೆದ ಸೋಮವಾರ ಅಜ್ಜ ಐದನೇ ಸಲ ಬಂದಿದ್ದರಂತೆ. ಕೌಂಟರ್ ಮೇಲೆ ಸಹಕಾರ ಸಪ್ತಾಹದ ಶುಭಾಶಯ ಕಾಣುತ್ತಿತ್ತು. ಒಳಗೆ ಅಟೆಂಡರ್ ಒಬ್ಬನೇ ಕೈಕಟ್ಟಿ ಕೂತಿದ್ದ.

“ಸರ್ವರ್ ಬಂತೇನಪ್ಪಾ?”

“ಸರ್ವರ್ ಇದೆ ಅಜ್ಜಾ. ಉಳಿದೋರೆಲ್ಲ ಟೀಗೆ ಹೋಗಿದ್ದಾರೆ.”