ಟಿಕೆಟ್ ಇಲ್ಲದ ಸಿಂಗಪುರ

ಸಿಂಗಪುರ ದುಬಾರಿ ಅಂತ ಹೋಗುವ ಮೊದಲೇ ಎಲ್ಲರೂ ಹೆದರಿಸಿದ್ದರು. ಹೆದರಿದ್ದು ಮಾತ್ರ ನಮ್ಮ ಯಜಮಾನರೊಬ್ಬರೇ. ನಾವು ಹೋದಾಗ ಅಲ್ಲಿನ ಒಂದು ಡಾಲರಿಗೆ ಸುಮಾರು 65 ರೂಪಾಯಿ. ವಿಮಾನ ಇಳಿಯೋ ಹೊತ್ತಿಗೆ ಇವರಿಗೆ 65ರ ಮಗ್ಗಿ ಬಾಯಿಪಾಠ ಆಗಿತ್ತು. ಅಂಗಡಿಯಲ್ಲಿ ನೀರಿನ ಬಾಟಲಿ ಮುಟ್ಟಿದರೂ ಸಾಕು, ಹಿಂದಿನಿಂದ ಮಗ್ಗಿ ಕೇಳಿಸುತ್ತಿತ್ತು. ಕೊನೆಗೆ ಒಂದು ದಿನ ಪೂರ್ತಿ ಟಿಕೆಟ್ ಇಲ್ಲದ ಜಾಗಗಳನ್ನಷ್ಟೇ ನೋಡೋದು, ಅಲ್ಲಿನ ಜನ ತಿನ್ನೋ ಕಡೆಯೇ ತಿನ್ನೋದು ಅಂತ ತೀರ್ಮಾನವಾಯಿತು. ಯಾರ ತೀರ್ಮಾನ ಅಂತ ಬೇರೆ ಹೇಳಬೇಕಾ?

ಬೆಳಗ್ಗೆ ತಿಂಡಿಗೆ ಕಾಯ ಟೋಸ್ಟ್. ಗರಿಗರಿ ಬ್ರೆಡ್ಡಿನ ನಡುವೆ ಕಾಯ ಅನ್ನೋ ತೆಂಗಿನಹಾಲಿನ ಜಾಮು, ದಪ್ಪನೆಯ ಬೆಣ್ಣೆ ತುಂಡು. ಜೊತೆಗೆ ಕಾಫಿ, ಎರಡು ಅರೆಬೆಂದ ಮೊಟ್ಟೆ. ಮೊಟ್ಟೆ ಕಂಡಿದ್ದೇ ತಡ, ನಮ್ಮತ್ತೆ ಆ ಬಟ್ಟಲನ್ನು ಮೇಜಿನ ಆ ತುದಿಗೆ ತಳ್ಳಿದರು. ಸೆರಗನ್ನೂ ಈಚೆ ಎಳೆದುಕೊಂಡರು. ಆಮೇಲೆ ಟೋಸ್ಟ್ ಕಚ್ಚಿ, "ಕಾಯಿಹಾಲಿಗೆ ಬೆಲ್ಲ ಹಾಕಿದ ಹಾಗಿದೆ ಕಣೋ, ಇನ್ನೊಂದು ಹೇಳು" ಅಂದರು. ಅದೂ ಖಾಲಿಯಾಯಿತು. ನಮ್ಮ ಮಗನಿಗೆ ಕಂಡಿದ್ದನ್ನೆಲ್ಲ ಗಟ್ಟಿಯಾಗಿ ಓದುವ ವಯಸ್ಸು. ಮಾರಾಟಕ್ಕಿಟ್ಟಿದ್ದ ಕಾಯ ಬಾಟಲಿ ತಿರುಗಿಸಿ ಓದಿದ: ಸಕ್ಕರೆ, ಮೊಟ್ಟೆ, ತೆಂಗಿನಹಾಲು. ಯಜಮಾನರು ತಲೆಯೆತ್ತಿ ಫ್ಯಾನು ನೋಡತೊಡಗಿದರು. ಅತ್ತೆ ನಿಧಾನವಾಗಿ ಕಾಫಿ ಮುಗಿಸಿ, "ಇನ್ಮೇಲೆ ಮನಸ್ಸಿನಲ್ಲೇ ಓದ್ಕೋ ಪುಟ್ಟಾ" ಅಂದರು.

ಅಲ್ಲಿಂದ ಮೆಟ್ರೋ. ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, 500 ಡಾಲರ್ ದಂಡ ಅಂತ ಬೋರ್ಡು. ಡುರಿಯನ್ ಹಣ್ಣನ್ನಂತೂ ಒಳಗೆ ತರಲೇಬಾರದು, ಅಷ್ಟು ವಾಸನೆ ಅದು. ನಾನು ಬೋರ್ಡು ಓದಿ ಮುಗಿಸೋ ಹೊತ್ತಿಗೆ ಪಕ್ಕದಲ್ಲಿ 'ಕರಂ' ಅಂತ ಸದ್ದು. ಅತ್ತೆ ಊರಿಂದ ತಂದ ಚಕ್ಕುಲಿ! "ಅಮ್ಮಾ, 32,500 ರೂಪಾಯಿ!" ಅಂತ ಯಜಮಾನರು ಪಿಸುಗುಟ್ಟಿದರು. ಮಗ್ಗಿ ಉಪಯೋಗಕ್ಕೆ ಬಂದಿದ್ದು ಆ ಒಂದು ಸಲ. ಅಗಿಯುವಂತಿಲ್ಲ, ಉಗುಳುವಂತಿಲ್ಲ. ಇಳಿಯೋವರೆಗೂ ಅತ್ತೆ ಕೆನ್ನೆ ಉಬ್ಬಿಸಿಕೊಂಡೇ ಕೂತಿದ್ದರು. ಎದುರಿನ ಹೆಂಗಸು ಹಲ್ಲುನೋವು ಅಂದುಕೊಂಡು ಪಾಪ, ಕನಿಕರದಿಂದ ನೋಡಿದಳು.

ಮೆಟ್ರೋ ಇಳಿದು ನೋಡಿದ್ದು ಮೆರ್‌ಲಯನ್ ಪ್ರತಿಮೆ. ಮೆರ್‌ಲಯನ್ ಅಂದರೆ ಸಿಂಹದ ತಲೆ, ಮೀನಿನ ಮೈ, ಬಾಯಿಂದ ನೀರು. ಎತ್ತರ 8.6 ಮೀಟರ್. ಬಿಸಿಲು ಮಾತ್ರ ಅದಕ್ಕಿಂತ ಜೋರು. ಫೋಟೋ ತೆಗೆಸಿಕೊಂಡು ಓಡಿದೆವು.

ಊಟಕ್ಕೆ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್. ಇಂಥ ಜಾಗಗಳಿಗೆ ಅಲ್ಲಿ ಹಾಕರ್ ಸೆಂಟರ್ ಅಂತಾರೆ. ಒಂದೇ ಸೂರಿನಡಿ ಹತ್ತಾರು ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. 2020ರಲ್ಲಿ ಯುನೆಸ್ಕೋ ಈ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಯುನೆಸ್ಕೋಗೇನು, ಅವರು ಮಧ್ಯಾಹ್ನ ಒಂದು ಗಂಟೆಗೆ ಬಂದು ಜಾಗ ಹುಡುಕಬೇಕಾ? ನಾವು ಹುಡುಕುತ್ತಿರುವಾಗಲೇ ಅತ್ತೆಗೆ ಖಾಲಿ ಮೇಜೊಂದು ಸಿಕ್ಕಿತು. ಮೇಲೆ ಪುಟ್ಟ ಟಿಶ್ಯೂ ಪ್ಯಾಕೆಟ್ ಬೇರೆ. "ನೋಡೋ, ಎಷ್ಟು ಒಳ್ಳೇ ಜನ, ಕೈ ಒರೆಸ್ಕೊಳ್ಳೋಕೆ ಇಟ್ಟಿದ್ದಾರೆ" ಅಂತ ಒಡೆದು ಮೊಮ್ಮಗನ ಮೂಗು ಒರೆಸಿದರು, ತಮ್ಮ ಬೆವರೂ ಒರೆಸಿಕೊಂಡರು, ಉಳಿದದ್ದರಲ್ಲಿ ಮೇಜೂ ಒರೆಸಿದರು. ಅಷ್ಟರಲ್ಲಿ ಬಿರಿಯಾನಿ ತಟ್ಟೆ ಹಿಡಿದು ಯಜಮಾನರ ವಯಸ್ಸಿನವರೊಬ್ಬರು ಬಂದು ನಿಂತರು. ನಮ್ಮಲ್ಲಿ ಬಸ್ಸಿನ ಸೀಟಿಗೆ ಕರ್ಚೀಫು ಹಾಕುತ್ತೇವಲ್ಲ, ಅಲ್ಲಿ ಟಿಶ್ಯೂ. ನಾವು ಅವರ ಕರ್ಚೀಫಿನಲ್ಲೇ ಮೂಗು ಒರೆಸಿ ಮುಗಿಸಿದ್ದೆವು. ಪುಣ್ಯಾತ್ಮ ನಕ್ಕು ನಮ್ಮ ಜೊತೆಗೇ ಕೂತರು. ಅವರ ಬಿರಿಯಾನಿ, ನಮ್ಮ ಮಸಾಲೆ ದೋಸೆ. ಅತ್ತೆ ಅವರಿಗೂ ಚಕ್ಕುಲಿ ಕೊಟ್ಟರು.

ಊಟ ಮುಗಿದ ಮೇಲೆ ತಟ್ಟೆಯನ್ನು ನಾವೇ ಒಯ್ದು ಇಡಬೇಕು. 2021ರಿಂದ ಅದೂ ಕಡ್ಡಾಯ. "ದುಡ್ಡು ಕೊಟ್ಟು ತಿಂದು ತಟ್ಟೇನೂ ಎತ್ತಬೇಕಾ!" ಅಂತ ಅತ್ತೆ ಗೊಣಗಿದರು. ಆದರೆ ಮನೆಯಲ್ಲಿ ಕೂತಲ್ಲೇ ಕೈ ತೊಳೆಯುವ ಯಜಮಾನರು ನಾಲ್ಕೂ ತಟ್ಟೆ ಹೊತ್ತು ನಡೆದರು. ನಾನು ವಿಡಿಯೋ ಮಾಡಿಟ್ಟುಕೊಂಡಿದ್ದೇನೆ.

ಸಂಜೆ ಗಾರ್ಡನ್ಸ್ ಬೈ ದ ಬೇ. ಅಲ್ಲಿನ ಕೃತಕ ಮರಗಳು 25ರಿಂದ 50 ಮೀಟರ್ ಎತ್ತರ. ರಾತ್ರಿ 7.45ಕ್ಕೆ ಒಂದು, 8.45ಕ್ಕೆ ಇನ್ನೊಂದು ಬೆಳಕಿನ ಆಟ, ಅದೂ ಬಿಟ್ಟಿ. ಜನ ನೆಲದ ಮೇಲೆ ಅಂಗಾತ ಮಲಗಿ ನೋಡ್ತಾರೆ. "ಛೀ, ಬೀದಿಯಲ್ಲಿ ಮಲಗೋದಾ?" ಅಂದ ಅತ್ತೆ ಐದು ನಿಮಿಷಕ್ಕೆ ಮಲಗಿದರು, ಆರನೆಯದಕ್ಕೆ ನಿದ್ದೆ ಹೋದರು. ಹಾಡು, ಬಣ್ಣ, ಜನರ ಚಪ್ಪಾಳೆ ಎಲ್ಲ ಮುಗಿದ ಮೇಲೆ ಎದ್ದು, "ಶುರುವಾಯ್ತಾ?" ಅಂತ ಕೇಳಿದರು.

"ಬಿಟ್ಟಿ ತಾನೇ, ಇನ್ನೊಂದು ಆಟ ನೋಡೋಣ" ಅಂದರು ಯಜಮಾನರು. ಕೂತೆವು. 8.45ಕ್ಕೆ ಅತ್ತೆ ಎಚ್ಚರವಾಗಿದ್ದರು. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದವರು ಇವರು.