ರಾಜಾನಿಗೆ ಕೋಟೆಯೊಳಗೆ ಪ್ರವೇಶವಿಲ್ಲ

ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಹೋದ ತಿಂಗಳು ನಾಯಿ ಕರ್ಕೊಂಡು ಡೋವರ್ ಕೋಟೆ ನೋಡಲು ಹೋಗಿದ್ದ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ. ಬೆಲ್ಟ್ ಹಾಕಿದ್ದರೆ ಕೋಟೆ ಅಂಗಳಕ್ಕೆ ನಾಯಿ ಬಿಡ್ತಾರಂತೆ, ಕಟ್ಟಡಗಳ ಒಳಗೆ ಮಾತ್ರ ಇಲ್ಲವಂತೆ. ಅದನ್ನು ನೋಡಿದ ನನ್ನ ಹೆಂಡತಿ, "ನಮ್ಮ ರಾಜಾ ಏನ್ ಪಾಪ ಮಾಡ್ಯಾನ?" ಅಂದಳು. ಅಲ್ಲಿಂದ ಶುರುವಾಯಿತು.

ರಾಜಾ ನಮ್ಮ ನಾಯಿ. ಅಪ್ಪ ಮುಧೋಳ ತಳಿ ಅನ್ನುವುದು ಹೆಂಡತಿಯ ನಂಬಿಕೆ. ಅಮ್ಮ ಬಸ್ ಸ್ಟ್ಯಾಂಡಿನವಳು, ಅದಕ್ಕೆ ಸಾಕ್ಷಿ ಇದೆ. ಭಾನುವಾರ ಬೆಳಿಗ್ಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಲೆ ಬುತ್ತಿ ಕಟ್ಟಿಕೊಂಡು, ರಾಜಾನಿಗೆ ಬೇರೆ ಡಬ್ಬಿ ಇಟ್ಟುಕೊಂಡು, ಹುಬ್ಬಳ್ಳಿ ಬಿಟ್ಟೆವು. ಯಾವ ಕೋಟೆ ಅಂತ ಹೇಳಲ್ಲ. ಹೇಳಿದರೆ ಬಾಗಿಲಲ್ಲಿ ಕೂತ ಆ ಬಡಪಾಯಿ ಕಾವಲುಗಾರನಿಗೆ ನೋಟಿಸ್ ಬರುತ್ತದೆ, ಬೇರೆ ಯಾರಿಗೂ ಬರಲ್ಲ. ನಮ್ಮ ಕಡೆ ಕೋಟೆಗೇನು ಬರ? ನರಗುಂದ, ಗಜೇಂದ್ರಗಡ, ಬಂಕಾಪುರ ಅಂತ ಸಾಲಾಗಿವೆ. ಅವೆಲ್ಲ ಬಿಟ್ಟು ಬೇರೆ ಯಾವುದೋ ಒಂದು ಅಂದುಕೊಳ್ಳಿ.

"ನಾಯಿ ಒಳಗ ಬಿಡಂಗಿಲ್ರಿ."

"ಯಾಕ್ರೀ?"

"ರೂಲ್ಸ್ ಐತ್ರಿ. ಬೋರ್ಡ್ ನೋಡ್ರಿ."

ನೋಡಿದೆ. ಬೋರ್ಡ್ ಕಾಣಲಿಲ್ಲ. ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಇತ್ತು. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿದ ಯುವ ನಾಯಕರು, ಅವರ ಸುತ್ತ ಶುಭ ಕೋರುವ ಇಪ್ಪತ್ತು ಮೂವತ್ತು ಮುಖ.

ರೂಲ್ಸ್ ಇರುವುದು ಸುಳ್ಳಲ್ಲ. ಕೇಂದ್ರದ ರಕ್ಷಿತ ಸ್ಮಾರಕಗಳಿಗೆ 1959ರ ನಿಯಮವೇ ಇದೆ, ನಿರ್ವಹಣೆಗೆ ಬೇಕಾದ ಪ್ರಾಣಿ ಬಿಟ್ಟು ಬೇರೆ ಯಾವ ಪ್ರಾಣಿಯನ್ನೂ ಒಳಗೆ ತರುವಂತಿಲ್ಲ. ಒಳ್ಳೆ ನಿಯಮ. ಕೋಟೆ ಬಾಗಿಲಲ್ಲಿ ಬಿಡಂಗಿಲ್ಲ ಅನ್ನೋದು ನಮ್ಮ ಕಡೆ ಹಳೇ ಪದ್ಧತಿಯೂ ಹೌದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬ ತೋಪು ತಗೊಂಡು ಕಿತ್ತೂರಿನ ಬಾಗಿಲಿಗೆ ಹೋಗಿದ್ದ. ಚೆನ್ನಮ್ಮನ ಕಡೆಯವರು ಬಿಡಲಿಲ್ಲ. ಸಾಹೇಬ ಜೀವಂತ ವಾಪಸ್ ಬರಲಿಲ್ಲ. ಕಲೆಕ್ಟರನ್ನೇ ಬಿಡದ ಸೀಮೆಯಲ್ಲಿ ನನ್ನ ನಾಯಿಯನ್ನು ಬಿಡ್ತಾರಾ? ಹೆಮ್ಮೆ ಅನಿಸಿತು.

ಆದರೆ ಬಾಗಿಲಿನಿಂದ ಒಳಗೆ ಕಣ್ಣು ಹಾಯಿಸಿದರೆ ನೆರಳಲ್ಲಿ ಐದು ನಾಯಿ ಮಲಗಿದ್ದವು. ಒಂದು ಮಗ್ಗಲು ಬದಲಿಸಿ ರಾಜಾನ ಕಡೆ ನೋಡಿತು. ಬುರುಜಿನ ಮೇಲೆ ಆಡು ಮೇಯುತ್ತಿದ್ದವು.

"ಮತ್ತ ಅವೇನ್ರೀ?"

"ಅವು ಇಲ್ಲೇ ಇರೂವ್ರಿ ಸರ. ನಿಮ್ಮದು ಹೊರಗಿಂದ ಬಂದೈತಿ."

ಇದರ ಲೆಕ್ಕ ಹೀಗೆ. ಲಸಿಕೆ ಹಾಕಿಸಿ, ಬೆಲ್ಟ್ ಹಾಕಿ, ಹೇಲು ಎತ್ತಲು ಕವರ್ ಹಿಡಿದುಕೊಂಡು ತಂದರೆ ಅದು ನಿಷೇಧಿತ ಪ್ರಾಣಿ. ಅದೇ ನಾಯಿಯ ಬೆಲ್ಟ್ ಬಿಚ್ಚಿ, ನಾನು ಅದರ ಮಾಲೀಕ ಅಲ್ಲ ಅಂತ ಮುಖ ತಿರುಗಿಸಿಕೊಂಡರೆ, ಕೋಟೆಯ ಖಾಯಂ ನಿವಾಸಿ. ಮಾಲೀಕರು ಇದ್ದದ್ದೇ ರಾಜಾನ ತಪ್ಪು.

ಹೆಂಡತಿ ರಾಜಾನ ಜೊತೆ ಹೊರಗೆ ನಿಂತಳು. ನಾನೊಬ್ಬನೇ ಒಳಗೆ ಹೋದೆ.

ಒಳಗೆ ಪ್ರಿ ವೆಡ್ಡಿಂಗ್ ಶೂಟಿಂಗ್ ನಡೆದಿತ್ತು. ಹುಡುಗ ಬಾಡಿಗೆ ಪೇಟ ಸುತ್ತಿಕೊಂಡಿದ್ದ, ಹುಡುಗಿಯ ಗೌನು ಹತ್ತು ಮಾರು ಉದ್ದ, ಅದನ್ನು ಹಿಡಿದು ಗಾಳಿಗೆ ಎಸೆದು ಓಡಿಬರುವುದಕ್ಕೇ ಒಬ್ಬ ಹುಡುಗನ ನೇಮಕವಾಗಿತ್ತು. ಆತ ಎಸೆದ, ಓಡಿದ, ಎಸೆದ, ಓಡಿದ. ಗುಲಾಬಿ ಬಣ್ಣದ ಹೊಗೆ ಬಿಟ್ಟರು. ಗುಲಾಬಿ ಸರಿಹೋಗಲಿಲ್ಲ ಅಂತ ನೀಲಿ ಬಿಟ್ಟರು. ಆ ಹೊಗೆಯಲ್ಲಿ ಒಂದು ಆಡು ಕೆಮ್ಮುತ್ತಾ ಹೊರಗೆ ಬಂತು. ಪಾಪ, ಅದೇ ಬಹುಶಃ ಫೋಟೋದಲ್ಲಿ ಚೆನ್ನಾಗಿ ಬಂದಿರಬೇಕು.

ನಾಯಿ ಅಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ವಿಷಯ. ಸಾವಿರ ವರ್ಷದ ಕೆಳಗೆ, ಕ್ರಿ.ಶ. 950ರ ಹೊತ್ತಿಗೆ, ಗಂಗರ ದೊರೆ ಬೂತುಗ, ಚೋಳರ ಎದುರಿನ ತಕ್ಕೋಲದ ಯುದ್ಧದಲ್ಲಿ ಮೆರೆದ ತನ್ನ ಯೋಧ ಮಣಲೇರನಿಗೆ ಏನು ಬೇಕೋ ಕೇಳು ಅಂದ. ಆತ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಕಾಳಿ ಒಂದು ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿ ಸತ್ತಿತು ಅಂತ ಆತಕೂರಿನ ಗುಡಿ ಮುಂದೆ ಕಲ್ಲು ನಿಲ್ಲಿಸಿದರು, ಕನ್ನಡದಲ್ಲಿ ಬರೆಸಿದರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಪಾಪ ಅಂತಲೂ ಬರೆಸಿದರು. ಆಗ ಡ್ಯೂಟಿ ಅಂದರೆ ಹಂಗಿತ್ತು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ರಾಜಾನಿಗೆ ತೋರಿಸಿಕೊಂಡು ಬರೋಣ ಅಂದರೆ ಮತ್ತೆ ಬಾಗಿಲಲ್ಲಿ ಅದೇ ಮಾತು ಬರುತ್ತದೆ.

ಕಲ್ಲಿನ ಮೇಲೆ ಬರೆಯುವ ಕಲೆ ನಮ್ಮಲ್ಲಿ ಇನ್ನೂ ಸತ್ತಿಲ್ಲ ಅನ್ನಿ. ಒಳಗೋಡೆ ಮೇಲೆ ಮೊಳೆಯಿಂದ ಕೆತ್ತಿದ ಹೆಸರು, ಬಾಣ ಚುಚ್ಚಿದ ಹೃದಯ, ಆಯಿಲ್ ಪೇಂಟಿನಲ್ಲಿ ಫೋನ್ ನಂಬರ್. ಮೂಲೆಯಲ್ಲಿ ಗುಟ್ಕಾ ಉಗುಳಿದ್ದು ಪದರ ಪದರವಾಗಿ ಗಟ್ಟಿಯಾಗಿತ್ತು. ಒಂದು ಕಮಾನಿನ ಕೆಳಗೆ ಬಾಟಲಿ ಒಡೆದ ಚೂರು, ಅದರ ಪಕ್ಕ ಮನುಷ್ಯರದ್ದೇ ಹೇಲು. ಇದನ್ನು ನೋಡಿ ಇನ್ನು ತಮಾಷೆ ಮಾಡಲು ನನಗೆ ಆಗಲ್ಲ. ಇದು ನಾಯಿ ಮಾಡಿದ್ದಲ್ಲ. ರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಕಾನೂನಿದೆ. ಯಾರಾದರೂ ಕಟ್ಟಿದ್ದನ್ನು ನೀವು ನೋಡಿದ್ದೀರಾ? ಹೊರಗೆ ಕೂತವನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸೀಟಿ, ಕುಡಿಯಲು ನೀರಿಲ್ಲ. ಇಷ್ಟು ದೊಡ್ಡ ಕೋಟೆಗೆ ಅವನೊಬ್ಬ. ಹತ್ತು ಹುಡುಗರ ಗುಂಪನ್ನು ಅವನು ತಡೆಯೋಕಾಗಲ್ಲ, ಬೆಲ್ಟ್ ಹಾಕಿದ ನಾಯಿಯನ್ನು ತಡೆಯಬಹುದು. ತಡೆದ. ಅಷ್ಟೇ.

ಹೊರಗೆ ಬಂದಾಗ ರಾಜಾ ಅವನ ಕುರ್ಚಿ ಪಕ್ಕ ಮಲಗಿ, ಅವನೇ ಕೊಟ್ಟ ಮಿರ್ಚಿ ಭಜಿ ತಿನ್ನುತ್ತಿದ್ದ. ಹೆಂಡತಿಯ ಮುಖ ನೋಡಿ ಅವನಿಗೇ ಬೇಜಾರಾಗಿರಬೇಕು, ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ.

"ಸರ, ಹಿಂದ ಗ್ವಾಡಿ ಬಿದ್ದೈತ್ರಿ. ಆಡು ಬರೂ ದಾರಿ. ಅಕ್ಕಾರು ಬೇಕಾದ್ರ ಅಲ್ಲಿಂದ ಕರ್ಕೊಂಡು ಬರ್ಲಿ. ಬಾಗಲದಾಗ ಮಾತ್ರ ಬ್ಯಾಡ್ರಿ."

"ಯಾವಾಗ ಬಿತ್ರೀ?"

"ಎರಡ್ ಮಳಿಗಾಲ ಆತ್ರಿ. ಬರದ್ ಕಳ್ಸೇವ್ರಿ."

ಥ್ಯಾಕರೆಗೆ ಈ ಮಾತನ್ನು ಯಾರೂ ಹೇಳಲಿಲ್ಲ. ನಾವು ಸುತ್ತು ಹಾಕಿ, ಕಲ್ಲು ಹತ್ತಿ, ರಾಜಾನನ್ನು ಒಳಗೆ ಇಳಿಸಿದೆವು. ಎರಡು ನಿಮಿಷ ಆಗಿರಲಿಲ್ಲ, ನೆರಳಲ್ಲಿದ್ದ ಐದೂ ನಾಯಿ ಎದ್ದು ಬಂದು ಅವನನ್ನು ಬಂದ ದಾರಿಯಲ್ಲೇ ಓಡಿಸಿದವು. ಬುತ್ತಿ ಕಾರಿನಲ್ಲೇ ಕೂತು ಉಂಡೆವು.