ನೆರಳಿನ ಮರವನ್ನು ಆಷಾಢದ ಗಾಳಿ ನೋಡಿ ಆರಿಸಿ

ಏಪ್ರಿಲ್ ಬಂದರೆ ಸಾಕು, ಹೊಸದಾಗಿ ಮನೆ ಕಟ್ಟಿಸಿದ ಸ್ನೇಹಿತರೆಲ್ಲ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳುತ್ತಾರೆ. "ಬೇಗ ನೆರಳು ಕೊಡೋ ಮರ ಯಾವುದು ಮಾರಾಯ್ರೇ?" ಅವರ ಕಷ್ಟ ಅರ್ಥವಾಗುತ್ತದೆ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಮನೆ ಬಂದ ಮೇಲೆ ಶಿವಮೊಗ್ಗದ ಸೆಖೆ ಇನ್ನೂ ಜಾಸ್ತಿ ಅನ್ನಿಸುತ್ತಿದೆ. ಹಗಲೆಲ್ಲ ಕಾದ ಚಾವಣಿ ರಾತ್ರಿ ಮಲಗುವ ಹೊತ್ತಿಗೆ ಬಿಸಿ ಬಿಡಲು ಶುರು ಮಾಡುತ್ತದೆ. ಒಂದು ದೊಡ್ಡ ಮರ ಇದ್ದಿದ್ದರೆ ಅಂತ ಯಾರಿಗಾದರೂ ಅನ್ನಿಸಲೇಬೇಕು.

ಆದರೆ ಏಪ್ರಿಲ್ ಸೆಖೆಯಲ್ಲಿ ಕೂತು ಆರಿಸಿದ ಮರ ಜುಲೈನಲ್ಲಿ ಹೇಗೆ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮನೆ ಪಕ್ಕ ನೆಡುವ ಮರವನ್ನು ಮಳೆಗಾಲ ನೋಡಿ ಆರಿಸಬೇಕು. ನೆರಳು ಕೊಡುವ ಮರಗಳು ಬೇಕಾದಷ್ಟಿವೆ. ಆಷಾಢದ ಗಾಳಿಗೆ ಮನೆಯ ಪಕ್ಕ ಧೈರ್ಯವಾಗಿ ಬಿಟ್ಟುಕೊಳ್ಳಬಹುದಾದ ಮರಗಳು ಅಷ್ಟಿಲ್ಲ.

ಮರ ಬೀಳುವುದು ಬರೀ ಗಾಳಿಯಿಂದ ಅಲ್ಲ. ಆರಿದ್ರ, ಪುನರ್ವಸು ಮಳೆ ಬಿಡದೆ ಹೊಯ್ದು ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಬೇರಿಗೆ ಹಿಡಿತ ಕಡಿಮೆಯಾಗಿರುತ್ತದೆ. ತಲೆ ತುಂಬ ಎಲೆ, ಎಲೆಯ ತುಂಬ ನೀರು. ಆ ಹೊತ್ತಿಗೆ ಒಂದು ಜೋರು ಗಾಳಿ ಬೀಸಿದರೆ ಬೇರು ಸಮೇತ ಮಗುಚುತ್ತದೆ. ಸಾಗರ, ಹೊಸನಗರ ಕಡೆ ಮೇಲೆ ಸ್ವಲ್ಪ ಮಣ್ಣು, ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು ಇರುವ ಜಾಗ ಬಹಳ. ಅಲ್ಲಿ ಬೇರು ಆಳಕ್ಕೆ ಇಳಿಯಲಾರದೆ ಅಗಲಕ್ಕೆ ಹರಡುತ್ತದೆ. ಅಂಥ ಜಾಗದಲ್ಲಿ ದೊಡ್ಡ ತಲೆಯ, ಮೇಲ್ಬೇರಿನ ಮರ ನೆಟ್ಟರೆ ಪ್ರತಿ ಮಳೆಗಾಲವೂ ಮನೆಯವರಿಗೆ ನಿದ್ದೆ ಇಲ್ಲ.

ನರ್ಸರಿಗೆ ಹೋಗಿ "ದೊಡ್ಡ ಮರ, ಬೇಗ ಬೆಳೀಬೇಕು" ಅಂದರೆ ಕೈಗೆ ಬರುವುದು ಅಂಥದ್ದೇ. ಗುಲ್‌ಮೊಹರ್, ಮಳೆಮರ, ಆಕಾಶಮಲ್ಲಿಗೆ, ಅಕೇಶಿಯಾ. ಬೇಗ ಬೆಳೆಯುವ ಇಂಥ ಮರಗಳ ಕೊಂಬೆ ಬಲವಿಲ್ಲದ್ದು, ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ ಮರ. ಮೇ ತಿಂಗಳ ಹೂವು ನೋಡಲು ಚಂದ, ನಾನೂ ನಿಂತು ನೋಡುತ್ತೇನೆ. ಆದರೆ ನೆರಳಿಗೆ ಅಂತ ಅದನ್ನು ನೆಡುವವರು ಒಂದು ವಿಷಯ ಗಮನಿಸಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಬಿಸಿಲು ಏರುವಾಗ ಅದು ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಚಿಗುರಿ ತಲೆ ತುಂಬಿಕೊಳ್ಳುವ ಹೊತ್ತಿಗೆ ಮಳೆಗಾಲದ ಗಾಳಿ ಬಂದಿರುತ್ತದೆ. ಬೇಕಾದಾಗ ನೆರಳಿಲ್ಲ, ಬೇಡವಾದಾಗ ಭಾರ. ನಮ್ಮ ಬೀದಿಯ ಒಂದು ಮನೆಯ ಶೀಟು ಮುರಿದದ್ದು ಇದೇ ಮರದ ಕೊಂಬೆಗೆ. ಒಳಗೆ ಯಾರೂ ಮಲಗಿರಲಿಲ್ಲ, ಪುಣ್ಯ.

ಮಳೆಮರ ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಅಗಲ ರಸ್ತೆ, ದೊಡ್ಡ ಮೈದಾನಕ್ಕೆ ಒಪ್ಪುವ ಮರ. ಅದರ ಕೊಡೆಯಡಿ ನಾಲ್ಕು ಮನೆ ಕೂರಬಹುದು. ಸೈಟಿನ ಒಳಗೆ ಅದನ್ನು ನೆಡುವುದು ಮರಕ್ಕೂ ಅನ್ಯಾಯ, ಮನೆಗೂ ಅನ್ಯಾಯ. ಕಾಂಪೌಂಡಿನ ಉದ್ದಕ್ಕೂ ನೇರಕ್ಕೆ ನಿಲ್ಲುವ ಅಶೋಕ ಅಂತ ಕರೆಯುವ ಮರ ಇದೆಯಲ್ಲ, ಅದರಿಂದ ಕೂರುವಷ್ಟು ನೆರಳೂ ಸಿಗುವುದಿಲ್ಲ. ಕೊನೊಕಾರ್ಪಸ್ ಎಂಬ ಹೊರದೇಶದ ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಇಲ್ಲಿ ಇನ್ನೂ ಮಾರುತ್ತಿದ್ದಾರೆ.

ಎಲೆ ಉದುರುವ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎಲೆ ಉದುರಿಸುವ ಮರವನ್ನು ಮನೆಯ ದಕ್ಷಿಣಕ್ಕೆ ನೆಡಿ ಎಂಬ ಸಲಹೆ ಸಿಗುತ್ತದೆ. ಅದು ಹಿಮ ಬೀಳುವ ದೇಶಗಳ ಲೆಕ್ಕ. ಅಲ್ಲಿ ಮರ ಚಳಿಗಾಲದಲ್ಲಿ ಬೋಳಾಗಿ ಬಿಸಿಲನ್ನು ಮನೆಯೊಳಗೆ ಬಿಡುತ್ತದೆ, ಬೇಸಿಗೆಯಲ್ಲಿ ಎಲೆ ತುಂಬಿ ತಡೆಯುತ್ತದೆ. ನಮ್ಮಲ್ಲಿ ಮರಗಳು ಎಲೆ ಉದುರಿಸುವುದು ನೀರಿಲ್ಲದ ಬೇಸಿಗೆಗೆ. ಸಾಗುವಾನಿ, ಮತ್ತಿ, ನಂದಿ, ಬೂರುಗ ಎಲ್ಲವೂ ಕಾಡಿಗೆ ಭೂಷಣ. ಆದರೆ ಮಾರ್ಚ್ ಮಧ್ಯಾಹ್ನ ಸಾಗುವಾನಿ ಕೆಳಗೆ ಒಮ್ಮೆ ನಿಂತು ನೋಡಿ. ಮನೆಗೆ ಬೇಕಾದದ್ದು ಬೇಸಿಗೆಯಲ್ಲೂ ಹಸಿರಾಗಿರುವ ಮರ.

ಇನ್ನು ಎಲ್ಲಿ ನೆಡಬೇಕು? ಯಾವ ಮರ ಅನ್ನುವುದಕ್ಕಿಂತ ಮೊದಲು ಇದನ್ನು ತೀರ್ಮಾನಿಸಬೇಕು. ಶಿವಮೊಗ್ಗ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿಯಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಚಾವಣಿಗೆ ನೆರಳು ಬೇಕೆಂದರೆ ಮರ ಮನೆಯ ಮೇಲೆಯೇ ಬಾಗಿರಬೇಕು. ಅದು ಬೇಡವೇ ಬೇಡ. ಚಾವಣಿಗೆ ಬೇರೆ ದಾರಿ ಹುಡುಕಿ. ಮರದಿಂದ ನಿಜವಾಗಿ ಉಪಯೋಗ ಸಿಗುವುದು ಮಧ್ಯಾಹ್ನದ ಮೇಲೆ, ಗೋಡೆಗೆ ಅಡ್ಡ ಬಿಸಿಲು ಹೊಡೆಯುವಾಗ. ಮಾರ್ಚ್ 21ರ ಆಸುಪಾಸು ನೇರ ಪಶ್ಚಿಮಕ್ಕೆ ಮುಳುಗುವ ಸೂರ್ಯ ಮೇ ಕೊನೆಗೆ ವಾಯವ್ಯದ ಕಡೆ ಸರಿದಿರುತ್ತಾನೆ. ಅಂದರೆ ಮರಕ್ಕೆ ಒಳ್ಳೆಯ ಜಾಗ ಮನೆಯ ಪಶ್ಚಿಮ, ಸ್ವಲ್ಪ ವಾಯವ್ಯಕ್ಕೆ ಸೇರಿದಂತೆ.

ತೊಡಕು ಇರುವುದೂ ಇಲ್ಲೇ. ನೆರಳು ಬೇಕಾದ ದಿಕ್ಕು ಪಶ್ಚಿಮ. ಮಳೆಗಾಲದ ಗಾಳಿ ಬರುವ ದಿಕ್ಕೂ ಪಶ್ಚಿಮ. ಪಡುವಣ ಗಾಳಿಗೆ ಮರ ಬಿದ್ದರೆ ಬೀಳುವುದು ಮನೆಯ ಮೇಲೆಯೇ! ನಾನು ಗಟ್ಟಿ ಮರ ಬೇಕು ಎಂದು ಹಟ ಹಿಡಿಯುವುದು ಇದಕ್ಕೇ. ಸಮಾಧಾನದ ವಿಷಯವೂ ಒಂದಿದೆ. ಸಂಜೆ ನಾಲ್ಕರ ಹೊತ್ತಿಗೆ ಮರದ ನೆರಳು ಮರಕ್ಕಿಂತ ಉದ್ದ ಇರುತ್ತದೆ. ಮರ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾಗಿಲ್ಲ. ಜಾಗ ಇರುವವರು 30 ಅಡಿ ದೂರ ನೆಟ್ಟರೂ 40, 50 ಅಡಿ ಬೆಳೆದ ಮರ ಗೋಡೆಗೆ ನೆರಳು ಮುಟ್ಟಿಸುತ್ತದೆ. ಕೊಂಬೆ ಮುರಿದರೂ ಅಂಗಳಕ್ಕೆ ಬೀಳುತ್ತದೆ.

ದೂರ ಇರಲಿ ಅನ್ನುವುದಕ್ಕೆ ಇನ್ನೊಂದು ಕಾರಣ ಹೆಂಚಿನ ಮನೆಯವರಿಗೆ ಗೊತ್ತು. ಮರ ಮಾಡಿನ ಮೇಲೆ ಬಾಗಿದರೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿ ಬೀಳುತ್ತಲೇ ಇರುತ್ತದೆ. ಹೆಂಚು ಒಣಗುವುದೇ ಇಲ್ಲ. ಪಾಚಿ ಕಟ್ಟುತ್ತದೆ, ಎಲೆ ಬಿದ್ದು ಮಾಡಿನ ನೀರು ಹರಿಯುವ ದೋಣಿ ಕಟ್ಟಿಕೊಳ್ಳುತ್ತದೆ, ನೀರು ಒಳಗೆ ಇಳಿದು ಹೆಂಚು ಹೊತ್ತ ರೀಪು, ಪಕಾಸಿ ಕುಂಬಾಗುತ್ತದೆ. ಅಡಿಕೆ ಇರುವವರಿಗೆ ಒಂದು ಮಾತು. ಒಣಗಿಸುವ ಅಂಗಳದ ದಕ್ಷಿಣಕ್ಕೆ ದೊಡ್ಡ ಮರ ಬೇಡ. ಕೊಯ್ಲಿನ ಹೊತ್ತಿಗೆ, ಡಿಸೆಂಬರ್, ಜನವರಿಯಲ್ಲಿ, ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೂ ಮರದ ಎತ್ತರದ ಮುಕ್ಕಾಲು ಭಾಗದಷ್ಟು ನೆರಳು ಉತ್ತರಕ್ಕೆ ಚಾಚುತ್ತದೆ. ಸೋಲಾರ್ ಹಾಕಿಸಿದವರಿಗೂ ಇದೇ ಲೆಕ್ಕ.

ಈಗ ಮರಗಳ ಮಾತು. ಜಾಗ ಇದ್ದವರಿಗೆ ನನ್ನ ಮೊದಲ ಹೆಸರು ಹಲಸು. ಎರಡನೇ ಹೆಸರು ಹೇಳಲು ನನಗೆ ಮನಸ್ಸೇ ಬರುವುದಿಲ್ಲ. ವರ್ಷವಿಡೀ ಹಸಿರು. ಎಲೆ ದಪ್ಪ, ನೆರಳು ಗಾಢ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ಕಟ್ಟಿಗೆ ಗಟ್ಟಿ. ಹಣ್ಣು ಹೆಚ್ಚಾಗಿ ಕಾಂಡಕ್ಕೆ, ದಪ್ಪ ಕೊಂಬೆಗೆ ಬಿಡುವುದರಿಂದ ತುದಿ ಕೊಂಬೆಗಳಿಗೆ ಅದರ ಭಾರ ಬೀಳುವುದಿಲ್ಲ. ಎಳೆ ಗುಜ್ಜೆಯಿಂದ ಹಿಡಿದು ಹಪ್ಪಳ, ಕಡುಬು, ಬೀಜದ ಸಾರಿನವರೆಗೆ ಮಲೆನಾಡಿನ ಅಡುಗೆಮನೆ ಅರ್ಧ ವರ್ಷ ಈ ಮರವನ್ನು ನೆಚ್ಚಿಕೊಂಡಿದೆ. ಇಂಥ ಮರ ಹಿತ್ತಲಲ್ಲಿ ತಾನಾಗಿ ಹುಟ್ಟುವ ಊರಿನವರು ದುಡ್ಡು ಕೊಟ್ಟು ಮಡಗಾಸ್ಕರಿನ ಮರ ತರುತ್ತಾರಲ್ಲ, ಅದು ನನಗೆ ನೋವು ಕೊಡುತ್ತದೆ. ಕಾರು ನಿಲ್ಲಿಸುವ ಜಾಗ, ಮಕ್ಕಳು ಆಡುವ ಜಾಗ ಬಿಟ್ಟು ನೆಡಬೇಕು. ನೀರು ನಿಲ್ಲುವ ಗುಂಡಿ ಹಲಸಿಗೆ ಆಗಿಬರುವುದಿಲ್ಲ. ಮಂಗಗಳು ಬರುತ್ತವೆ, ನಿಜ. ಅವು ಬಾಳೆ, ಪೇರಲೆಗೂ ಬರುತ್ತವೆ. ಮಂಗ ಬರುತ್ತದೆ ಅಂತ ಹಣ್ಣಿನ ಮರವನ್ನೇ ಬಿಟ್ಟರೆ ಮಲೆನಾಡಿನಲ್ಲಿ ನೆಡಲು ಏನೂ ಉಳಿಯುವುದಿಲ್ಲ.

ಮಾವು ನೆಡುವುದಾದರೆ ನೆರಳಿಗೆ ವಾಟೆಯಿಂದ, ಅಂದರೆ ಗೊರಟಿನಿಂದ, ಹುಟ್ಟಿದ ಗಿಡವೇ ಆಗಬೇಕು. ಕಸಿ ಗಿಡ ಬೇಗ ಹಣ್ಣು ಕೊಡುತ್ತದೆ, ಆದರೆ ಎತ್ತರಕ್ಕೆ ಹೋಗದೆ ಕುಳ್ಳಗೆ ಉಳಿಯುತ್ತದೆ. ವಾಟೆ ಗಿಡ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಕೊಂಬೆಗೆ ಅಂಟಿಕೊಂಡು ರಸ ಹೀರುವ ಬಂದಳಿಕೆ ಗಿಡ ಹಿಡಿಯದಂತೆ ಮಾತ್ರ ನೋಡಿಕೊಳ್ಳಬೇಕು. ಹಿಡಿದ ಕೊಂಬೆಯನ್ನು ಬಂದಳಿಕೆ ಸಮೇತ ಬೇಗ ಕತ್ತರಿಸಬೇಕು. ತೋಟದ ಪಕ್ಕ, ತಗ್ಗಿನಲ್ಲಿ ನೀರು ನಿಲ್ಲುವ ಜಾಗಕ್ಕೆ ನೇರಳೆ ಸರಿ. ಬುಡ ಒದ್ದೆಯಾಗಿದ್ದರೂ ಅದು ತಡೆದುಕೊಳ್ಳುತ್ತದೆ.

ಪೇಟೆಯ ಸೈಟಿಗೆ ನಾನು ಹೇಳುವುದು ಬಕುಳ. ರೆಂಜೆ ಅಂದರೂ ಅದೇ. ನಿಧಾನವಾಗಿ ಬೆಳೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಕಟ್ಟಿಗೆ ಬಹಳ ಗಟ್ಟಿ, ತಲೆ ದುಂಡಗೆ ಒತ್ತಾಗಿ ಕೂರುತ್ತದೆ, ಬೇಸಿಗೆಯಲ್ಲಿ ಬೋಳಾಗುವುದಿಲ್ಲ. ಬೆಳಿಗ್ಗೆ ಕೆಳಗೆ ಉದುರಿದ ಹೂವನ್ನು ಆರಿಸಿ ಮಾಲೆ ಕಟ್ಟುವ ಅಜ್ಜಿಯರು ಇನ್ನೂ ಇದ್ದಾರೆ. ಇನ್ನೂ ಸಣ್ಣ ಜಾಗಕ್ಕೆ ಮುರುಗಲು ನೆಡಬಹುದು. ಕೊಂಬೆಗಳು ಕೆಳಗೆ ಬಾಗಿ ಗೋಪುರದ ಹಾಗೆ ನಿಲ್ಲುವ ಮರ ಅದು. ಬೀಜದ ಗಿಡವಾದರೆ ಗಂಡೋ ಹೆಣ್ಣೋ ಅನ್ನುವುದು ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಹಣ್ಣು ಬೇಕೇ ಬೇಕು ಅನ್ನುವವರು ಕಸಿ ಗಿಡ ತನ್ನಿ.

ಜಿಲ್ಲೆಯೆಲ್ಲ ಒಂದೇ ಹವೆ ಅಲ್ಲ ಅನ್ನುವುದನ್ನೂ ಮರೆಯಬಾರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಗೆ ಅದರ ಒಂದು ಸಣ್ಣ ಪಾಲು ಮಾತ್ರ. ಭದ್ರಾವತಿ, ಶಿಕಾರಿಪುರ ಕಡೆಯ ಬಯಲಿಗೆ ಹೊಂಗೆ ಚಿನ್ನದಂಥ ಮರ. ಸ್ವಲ್ಪ ದಿನ ಎಲೆ ಉದುರಿಸಿದರೂ ಬಿಸಿಲು ಜೋರಾಗುವ ಹೊತ್ತಿಗೆ ಹೊಸ ಹಸಿರು ಹೊದ್ದುಕೊಂಡು ನಿಂತಿರುತ್ತದೆ. ಬೇವೂ ಆ ಕಡೆಗೆ ಸರಿ. ತೀರ್ಥಹಳ್ಳಿಯ ಮಳೆಯಲ್ಲಿ ಬೇವು ನೆಟ್ಟು ಅದು ಸೊರಗುವುದನ್ನು ನೋಡಬೇಡಿ. ಆಲ, ಅರಳಿ ಎರಡೂ ಮನೆಗಲ್ಲ. ಅವುಗಳ ಬೇರು ಗೋಡೆ, ಬಾವಿ, ಟ್ಯಾಂಕು ಯಾವುದನ್ನೂ ಬಿಡುವುದಿಲ್ಲ. ಕೆರೆ ದಂಡೆ, ಶಾಲೆ ಬಯಲು, ದೇವಸ್ಥಾನದ ಕಟ್ಟೆಗೆ ನೆಡಿ. ಅಲ್ಲಿ ಅವಕ್ಕೆ ಸಮ ಬೇರೊಂದಿಲ್ಲ.

ಒಳ್ಳೆಯ ಮರ ನೆಟ್ಟೂ ಅದನ್ನು ಅಪಾಯದ ಮರ ಮಾಡಿಬಿಡುತ್ತೇವೆ. ಈ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಬುಡದವರೆಗೂ ಇಂಟರ್‌ಲಾಕ್ ಹಾಕಿಸುತ್ತಾರೆ, ಬೇರಿಗೆ ಗಾಳಿ ಇಲ್ಲ, ನೀರಿಲ್ಲ. ಚರಂಡಿಗೋ ಪೈಪಿಗೋ ಒಂದು ಬದಿ ಜೆಸಿಬಿಯಲ್ಲಿ ಅಗೆದು ದಪ್ಪ ಬೇರುಗಳನ್ನೇ ಕಡಿಯುತ್ತಾರೆ. ಮುಂದಿನ ಮಳೆಗಾಲ ಮರ ಆ ಬದಿಯ ಹಿಡಿತ ತಪ್ಪಿ ಉರುಳುತ್ತದೆ. ಆಮೇಲೆ ಊರೆಲ್ಲ "ಮರ ಅಪಾಯ, ಎಲ್ಲ ಕಡಿಸಿ" ಅನ್ನುತ್ತದೆ. ಇನ್ನು ಕೆಲವರು ಎತ್ತರ ಆಯ್ತೆಂದು ಮರದ ತಲೆಯನ್ನೇ ಕತ್ತರಿಸುತ್ತಾರೆ. ಕತ್ತರಿಸಿದ ಜಾಗದಿಂದ ಗುಂಪಾಗಿ ಚಿಗುರು ಬರುತ್ತದೆ, ಅದು ತೊಗಟೆಯ ಹತ್ತಿರ ಮಾತ್ರ ಹಿಡಿದುಕೊಂಡಿರುತ್ತದೆ. ದಪ್ಪ ಆದಂತೆ ಸೀಳಿ ಬೀಳುತ್ತದೆ. ಬದಲಿಗೆ ಗಿಡ ಎಳೆಯದಾಗಿದ್ದಾಗಲೇ ಎರಡು ಕವಲು ಸಮಸಮ ಏಳುತ್ತಿದ್ದರೆ ಒಂದನ್ನು ತೆಗೆದುಬಿಡಿ. ದೊಡ್ಡದಾದ ಮೇಲೆ ವರ್ಷಕ್ಕೊಮ್ಮೆ, ಮೊದಲ ಮಳೆಗೆ ಮುಂಚೆ, ಒಣ ಕೊಂಬೆ ಮಾತ್ರ ತೆಗೆಸಿ. ಅಷ್ಟು ಸಾಕು.

"ನೆಟ್ಟರೆ ಆಮೇಲೆ ಕಡಿಯೋಕೆ ಬಿಡಲ್ಲ" ಎಂಬ ಭಯವೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಜಾಗದ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಇದನ್ನೇ ಹಿಡಿದು ಮನೆ ಪಕ್ಕ ಸಿಲ್ವರ್ ಓಕ್ ಹಾಕುವವರಿದ್ದಾರೆ. ಅದೂ ಗಾಳಿಗೆ ಕೊಂಬೆ ಕಳಚುವ ಮರ. ಜಾಗ ಸರಿಯಾಗಿ ಆರಿಸಿ ನೆಟ್ಟರೆ ಕಡಿಯುವ ಪ್ರಸಂಗವೇ ಬರುವುದಿಲ್ಲ, ಅಲ್ವಾ?

30×40ರ ಸೈಟಿನವರು ಬೇಸರ ಮಾಡಿಕೊಳ್ಳಬಾರದು. ಅಷ್ಟರಲ್ಲಿ ಮನೆ, ಟ್ಯಾಂಕು, ಕಾರು ಎಲ್ಲ ಇದ್ದು ಹಲಸಿಗೆ ಜಾಗ ಉಳಿಯುವುದಿಲ್ಲ. ಆದರೆ ಪ್ರತಿ ಬಡಾವಣೆಯಲ್ಲೂ ಪಾರ್ಕ್ ಅಂತ ಬಿಟ್ಟ ಜಾಗ ಇರುತ್ತದೆ. ಅಲ್ಲಿ ಹುಲ್ಲುಹಾಸು ಹಾಕಿಸಿ ಬೋರ್‌ವೆಲ್ ನೀರು ಸುರಿಯುವ ಬದಲು ಬೀದಿಯವರು ಸೇರಿ ನಾಲ್ಕು ದೊಡ್ಡ ಮರ ನೆಡಬಹುದು. ಉದುರಿದ ಎಲೆಗೆ ಬೆಂಕಿ ಹಾಕಬೇಡಿ. ತೋಟದವರು ದರಗಿಗೆ, ಅಂದರೆ ಒಣ ಎಲೆಗೆ, ಬೆಟ್ಟ ಅಲೆಯುವ ಊರು ನಮ್ಮದು, ಕೇಳಿದರೆ ಚೀಲ ತಂದು ತುಂಬಿಕೊಂಡು ಹೋಗುತ್ತಾರೆ.

ನೆಡುವ ಹೊತ್ತು ಜೂನ್, ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ. ಮೂರಡಿ ಗುಂಡಿ ತೆಗೆಯಿರಿ. ಜಂಬಿಟ್ಟಿಗೆ ಸಿಕ್ಕರೆ ಹಾರೆಯಿಂದ ಒಡೆದು ಇನ್ನೂ ಅಗಲ ಮಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಹಳ ಕಾಲ ಕೂತ ಎತ್ತರದ ಗಿಡಕ್ಕೆ ಮರುಳಾಗಬೇಡಿ. ಅದರ ಬೇರು ಚೀಲದೊಳಗೆ ಸುತ್ತಿಕೊಂಡಿರುತ್ತದೆ, ನೆಲಕ್ಕೆ ಹೋದ ಮೇಲೂ ಅದೇ ಸುತ್ತಿನಲ್ಲಿ ಬೆಳೆಯುತ್ತದೆ. ಅಂಥ ಮರವೇ ಮುಂದೆ ಗಾಳಿಗೆ ಮೊದಲು ಮಗುಚುವುದು. ಮೊಣಕಾಲೆತ್ತರದ ಸಣ್ಣ ಗಿಡ ಸಾಕು. ಆಧಾರದ ಕೋಲಿಗೆ ಬಿಗಿಯಾಗಿ ಕಟ್ಟಬೇಡಿ. ಸ್ವಲ್ಪ ತೂಗಾಡಿದರೆ ಕಾಂಡ ದಪ್ಪ ಆಗುತ್ತದೆ, ಬೇರು ಗಟ್ಟಿ ಹಿಡಿಯುತ್ತದೆ.

ಹಲಸಿಗೆ ಗಿಡ ತರುವುದೂ ಬೇಡ. ತಾಯಿಬೇರು ಬೇಗ ಉದ್ದ ಆಗುವುದರಿಂದ ಕಿತ್ತು ನೆಟ್ಟರೆ ಅದು ಕೊರಗುತ್ತದೆ. ಗುಂಡಿಗೆ ನೇರವಾಗಿ ಎರಡು ಮೂರು ಬೀಜ ಊರಿ, ಚೆನ್ನಾಗಿ ಬಂದ ಒಂದನ್ನು ಉಳಿಸಿಕೊಳ್ಳಿ. ನಮ್ಮ ಹಿತ್ತಲಿನ ಬಕ್ಕೆ ಹಲಸು ಈ ಸಲ ಚೆನ್ನಾಗಿ ಬಿಟ್ಟಿದೆ. ಶಿವಮೊಗ್ಗ ಸುತ್ತಮುತ್ತ ಇರುವವರಿಗೆ ಬೀಜ ಬೇಕಾದರೆ ಕಾಮೆಂಟಿನಲ್ಲಿ ಹೇಳಿ, ಹಣ್ಣು ಬಿಡಿಸುವ ದಿನ ತಿಳಿಸುತ್ತೇನೆ. ಒಣಗಿದರೆ ಮೊಳೆಯುವುದಿಲ್ಲ, ಗುಂಡಿ ಮಾತ್ರ ಮೊದಲೇ ತೆಗೆದಿಟ್ಟುಕೊಂಡು ಬನ್ನಿ.